ಡಿಜಿಟಲ್ ನಕ್ಷೆಗಳಲ್ಲಿ ರೇಖಾ ಸರಳೀಕರಣ: ವಿಧಾನಗಳು ಮತ್ತು ಅವುಗಳ ಮೌಲ್ಯಮಾಪನ (ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಸರ್ವೆ ನಂಬರು, ಗ್ರಾಮ, ಹೋಬಳಿ ಹಾಗೂ ತಾಲ್ಲೂಕುಗಳ ಗಡಿಗಳನ್ನು ಇಂದು ಸಾರ್ವಜನಿಕರು ಅಂತರ್ಜಾಲದಲ್ಲಿಯೂ ಮೊಬೈಲ್ ದೂರವಾಣಿಯಲ್ಲಿಯೂ ನೋಡಬಹುದಾಗಿದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರವು ಸಿದ್ಧಪಡಿಸಿದ ದಿಶಾಂಕ್ ಇಂತಹ ಸೌಲಭ್ಯಗಳಲ್ಲಿ ಒಂದು. ಇದರಿಂದ ಅನುಕೂಲಗಳು ಆಗಿರುವಂತೆಯೇ ಕೆಲವು ಸಂದೇಹಗಳೂ ಹುಟ್ಟಿಕೊಂಡಿವೆ. ತಮ್ಮ ಜಮೀನಿನ ಬದುವು ಪರದೆಯ ಮೇಲೆ ನೆರೆಯವರ ತೋಟದೊಳಗೆ ಹಾದುಹೋದಂತೆ ಕಾಣುತ್ತದೆ, ಹಳ್ಳದ ಬಾಗು ಮಾಯವಾಗಿದೆ, ಕೊಳವೆ ಬಾವಿಯು ಗಡಿಯ ಆಚೆಗೆ ಬಿದ್ದಿದೆ ಎಂಬ ಆತಂಕಗಳು ಅರ್ಜಿದಾರರಲ್ಲಿ ಉಂಟಾಗುವುದು ಸಹಜ. ಇಂತಹ ವ್ಯತ್ಯಾಸಗಳಿಗೆ ಕಾರಣಗಳು ಹಲವು. ಅವುಗಳಲ್ಲಿ ಸಾರ್ವಜನಿಕರಿಗೆ ಅತಿ ಕಡಿಮೆ ಪರಿಚಿತವಾದುದು ರೇಖಾ ಸರಳೀಕರಣ. ಅಂದರೆ, ನಕ್ಷೆಯ ರೇಖೆಯೊಂದರಲ್ಲಿರುವ ಬಿಂದುಗಳ ಸಂಖ್ಯೆಯನ್ನು ಉದ್ದೇಶಪೂರ್ವಕವಾಗಿ ಕಡಿಮೆ ಮಾಡುವ ಕ್ರಿಯೆ. ಈ ಕ್ರಿಯೆಯು ಹೇಗೆ ನಡೆಯುತ್ತದೆ, ಅದು ಸರಿಯಾಗಿ ನಡೆದಿದೆಯೇ ಎಂಬುದನ್ನು ಹೇಗೆ ಅಳೆಯಲಾಗುತ್ತದೆ ಮತ್ತು ಸರಳಗೊಳಿಸಿದ ರೇಖೆಯನ್ನು ಯಾವ ಕೆಲಸಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರೇಖೆಯನ್ನು ಸರಳಗೊಳಿಸುವ ಅಗತ್ಯ

ಡಿಜಿಟಲ್ ನಕ್ಷೆಯಲ್ಲಿ ರೇಖೆ ಎಂದರೆ ಒಂದರ ನಂತರ ಒಂದರಂತೆ ಜೋಡಿಸಿದ ಬಿಂದುಗಳ ಸಾಲು. ಎರಡು ಬಿಂದುಗಳ ನಡುವೆ ಗಣಕಯಂತ್ರವು ನೇರ ಗೆರೆಯನ್ನು ಎಳೆಯುತ್ತದೆ. ಬಾಗು ಹೆಚ್ಚಿದ್ದಷ್ಟೂ ಬಿಂದುಗಳು ಹೆಚ್ಚು ಬೇಕಾಗುತ್ತವೆ. ಕಾಗದದ ಗ್ರಾಮ ನಕ್ಷೆಯನ್ನು ಗಣಕೀಕರಿಸುವಾಗ ಹಳ್ಳ, ಕಾಲುದಾರಿ, ಕೆರೆಯ ಅಂಚುಗಳನ್ನು ಹತ್ತಿರ ಹತ್ತಿರವಾಗಿ ಬಿಂದುಗಳನ್ನಿಟ್ಟು ಗುರುತಿಸಲಾಗುತ್ತದೆ. ಇಡೀ ಜಿಲ್ಲೆಯ ಗಡಿಗಳನ್ನು ಒಂದೇ ಪರದೆಯಲ್ಲಿ ತೋರಿಸಬೇಕಾದಾಗ ಈ ಎಲ್ಲ ಬಿಂದುಗಳನ್ನೂ ಕಳುಹಿಸಿದರೆ ಪುಟ ತೆರೆಯಲು ದೀರ್ಘಕಾಲ ಹಿಡಿಯುತ್ತದೆ. ಅಷ್ಟಾಗಿಯೂ ಅವುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣಿಸುವುದಿಲ್ಲ.

ಕಾಣಿಸದಿರುವುದಕ್ಕೆ ಕಾರಣ ನಕ್ಷೆಯ ಅಳತೆ ಪ್ರಮಾಣ. 1:7,920 ಪ್ರಮಾಣದ ಗ್ರಾಮ ನಕ್ಷೆಯಲ್ಲಿ ಒಂದು ಅಂಗುಲವು ನೆಲದ ಮೇಲಿನ 660 ಅಡಿಗೆ, ಅಂದರೆ 33 ಅಡಿಯ ಇಪ್ಪತ್ತು ಸರಪಳಿಗಳಿಗೆ ಸಮ. ಅಂತಹ ನಕ್ಷೆಯಲ್ಲಿ 0.3 ಮಿಲಿಮೀಟರ್ ದಪ್ಪದ ಶಾಯಿಯ ಗೆರೆಯೊಂದೇ ನೆಲದ ಮೇಲೆ ಸುಮಾರು 2.4 ಮೀಟರ್ ಅಗಲವನ್ನು ಆವರಿಸುತ್ತದೆ. ಅದೇ ಗೆರೆಯು ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ 15 ಮೀಟರ್, 1:2,50,000 ಪ್ರಮಾಣದ ನಕ್ಷೆಯಲ್ಲಿ 75 ಮೀಟರ್ ನೆಲವನ್ನು ಮುಚ್ಚುತ್ತದೆ. ಗೆರೆಯ ದಪ್ಪಕ್ಕಿಂತ ಚಿಕ್ಕದಾದ ಬಾಗನ್ನು ಉಳಿಸಿಕೊಂಡರೆ ಪ್ರಯೋಜನವಿಲ್ಲ. ಗೆರೆ ಕಲಸಿದಂತಾಗಿ ಓದಲು ಕಷ್ಟವಾಗುತ್ತದೆ. ಆಗುಂಬೆ ಘಾಟಿಯ ರಸ್ತೆಯನ್ನು ರಾಜ್ಯದ ನಕ್ಷೆಯಲ್ಲಿ ಎಲ್ಲ ತಿರುವುಗಳ ಸಹಿತ ಬರೆದರೆ ಕಾಣುವುದು ತಿರುವುಗಳಲ್ಲ, ಶಾಯಿಯ ಕಲೆ. ಅನುಭವಿ ನಕ್ಷೆಗಾರರು ಇಂತಹ ಕಡೆ ಕೆಲವು ತಿರುವುಗಳನ್ನು ಕೈಬಿಟ್ಟು ಉಳಿದವನ್ನು ಸ್ವಲ್ಪ ದೊಡ್ಡದಾಗಿಯೇ ಬರೆದು, ಇದು ಘಾಟಿಯ ರಸ್ತೆ ಎಂಬುದು ಓದುಗರಿಗೆ ತಿಳಿಯುವಂತೆ ಮಾಡುತ್ತಿದ್ದರು. ಗಣಕಯಂತ್ರಕ್ಕೆ ಈ ವಿವೇಚನೆಯನ್ನು ಕಲಿಸುವ ಪ್ರಯತ್ನವು ಸುಮಾರು ಅರವತ್ತು ವರ್ಷಗಳಿಂದ ನಡೆದುಬಂದಿದೆ.

ಪ್ರಮಾಣ ಚಿಕ್ಕದಾದಾಗ ಎಷ್ಟು ವಿವರಗಳನ್ನು ಉಳಿಸಿಕೊಳ್ಳಬೇಕು ಎಂಬುದಕ್ಕೆ ಟಾಪ್ಫರ್ ಮತ್ತು ಪಿಲೆವಿಟ್ಸರ್ ಎಂಬ ವಿದ್ವಾಂಸರು 1966ರಲ್ಲಿ ಒಂದು ಸೂತ್ರವನ್ನು ಆಂಗ್ಲ ಓದುಗರ ಮುಂದಿಟ್ಟರು. ಎರಡು ನಕ್ಷೆಗಳ ಪ್ರಮಾಣಗಳ ಅನುಪಾತದ ವರ್ಗಮೂಲವನ್ನು ತೆಗೆದುಕೊಳ್ಳುವುದೇ ಈ ಸೂತ್ರದ ತಿರುಳು. 1:50,000 ಪ್ರಮಾಣದಿಂದ 1:2,50,000ಕ್ಕೆ ಇಳಿಯುವಾಗ ಸಾವಿರ ವಿವರಗಳಲ್ಲಿ ಸುಮಾರು 447 ಉಳಿಯಬೇಕೆಂದು ಇದು ಹೇಳುತ್ತದೆ. ಆದರೆ ಯಾವ 447 ಎಂಬುದನ್ನು ಹೇಳುವುದಿಲ್ಲ. ಮುಂದೆ ವಿವರಿಸುವ ವಿಧಾನಗಳೆಲ್ಲವೂ ಆ ಪ್ರಶ್ನೆಗೆ ನೀಡಿದ ಬೇರೆ ಬೇರೆ ಉತ್ತರಗಳು.

ಬಳಕೆಯಲ್ಲಿರುವ ವಿಧಾನಗಳು

ಪ್ರತಿ ಮೂರನೆಯ ಅಥವಾ ಐದನೆಯ ಬಿಂದುವನ್ನು ಮಾತ್ರ ಉಳಿಸುವುದು ಅತ್ಯಂತ ಸುಲಭವಾದ ವಿಧಾನ. ಬಾಂದು ಕಲ್ಲಿನ ಮೂಲೆಯೇ ಕೈಬಿಟ್ಟುಹೋಗುವ ಸಾಧ್ಯತೆ ಇದರಲ್ಲಿ ಇರುವುದರಿಂದ ಗಡಿಗಳಿಗೆ ಇದನ್ನು ಬಳಸುವುದು ಯೋಗ್ಯವಲ್ಲ. ರೇಖೆಯುದ್ದಕ್ಕೂ ನಿರ್ದಿಷ್ಟ ಅಗಲದ ಪಟ್ಟಿಯೊಂದನ್ನು ಸರಿಸುತ್ತಾ ಅದರೊಳಗೆ ಬಿದ್ದ ಬಿಂದುಗಳನ್ನು ತೆಗೆಯುವ ರೋಯ್ಮನ್–ವಿಟ್ಕಾಮ್ ವಿಧಾನ (1974) ಇನ್ನೊಂದು. ಇದು ಶೀಘ್ರವಾಗಿ ಕೆಲಸ ಮುಗಿಸುತ್ತದೆಯಾದರೂ ಮುಂದಿನ ಕೆಲವು ಬಿಂದುಗಳನ್ನು ಮಾತ್ರ ನೋಡುತ್ತದೆ, ಇಡೀ ರೇಖೆಯನ್ನು ನೋಡುವುದಿಲ್ಲ.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಡಗ್ಲಸ್–ಪ್ಯೂಕರ್ ವಿಧಾನ. ಡೇವಿಡ್ ಡಗ್ಲಸ್ ಮತ್ತು ಥಾಮಸ್ ಪ್ಯೂಕರ್ ಎಂಬುವರು ಇದನ್ನು 1973ರಲ್ಲಿ ಕೆನಡಾದ ನಕ್ಷಾಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದಕ್ಕೆ ಒಂದು ವರ್ಷ ಮೊದಲೇ ಉರ್ಸ್ ರಾಮರ್ ಇದೇ ಕ್ರಮವನ್ನು ಬೇರೊಂದು ಸಂದರ್ಭದಲ್ಲಿ ವಿವರಿಸಿದ್ದರು. ಭೂಮಾಪಕರ ಟಿಪ್ಪಣಿಯನ್ನು ನೋಡಿರುವವರಿಗೆ ಈ ವಿಧಾನವು ಅಪರಿಚಿತವೆನಿಸಲಾರದು. ಭೂಮಾಪಕರು ಎರಡು ಕಲ್ಲುಗಳ ನಡುವೆ ಸರಪಳಿಯನ್ನು ನೇರವಾಗಿ ಎಳೆದು, ಬದುವು ಆ ನೇರ ಗೆರೆಯಿಂದ ಎಷ್ಟು ಸರಪಳಿ, ಎಷ್ಟು ಆಣೆ ದೂರಕ್ಕೆ ಬಾಗಿದೆ ಎಂಬುದನ್ನು ಅಡ್ಡ ಅಳತೆಯಾಗಿ ಬರೆದುಕೊಳ್ಳುತ್ತಾರೆ. ಡಗ್ಲಸ್–ಪ್ಯೂಕರ್ ವಿಧಾನವೂ ರೇಖೆಯ ಎರಡು ತುದಿಗಳನ್ನು ನೇರವಾಗಿ ಸೇರಿಸಿ, ಅತಿ ಹೆಚ್ಚು ಅಡ್ಡ ದೂರದಲ್ಲಿರುವ ಬಿಂದುವನ್ನು ಹುಡುಕುತ್ತದೆ. ಆ ದೂರವು ಮೊದಲೇ ನಿಗದಿಪಡಿಸಿದ ಮಿತಿಗಿಂತ ಹೆಚ್ಚಾಗಿದ್ದರೆ ಬಿಂದುವನ್ನು ಉಳಿಸಿಕೊಂಡು, ಅಲ್ಲಿಂದ ರೇಖೆಯನ್ನು ಎರಡಾಗಿ ಭಾಗಿಸಿ, ಎರಡೂ ಭಾಗಗಳಲ್ಲಿ ಇದೇ ಕ್ರಮವನ್ನು ಪುನರಾವರ್ತಿಸುತ್ತದೆ. ಕಡಿಮೆಯಿದ್ದರೆ ನಡುವಿನ ಬಿಂದುಗಳೆಲ್ಲವನ್ನೂ ಕೈಬಿಡುತ್ತದೆ.

ಬ್ರಿಟನ್ನಿನ ಹಲ್ ವಿಶ್ವವಿದ್ಯಾನಿಲಯದ ಮಹೇಶ್ವರಿ ವಿಶ್ವಲಿಂಗಂ ಮತ್ತು ಡಂಕನ್ ವೈಯಟ್ ಅವರು 1993ರಲ್ಲಿ ಪ್ರಕಟಿಸಿದ ವಿಧಾನವು ದೂರವನ್ನು ಬಿಟ್ಟು ವಿಸ್ತೀರ್ಣವನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಪ್ರತಿಯೊಂದು ಬಿಂದುವು ತನ್ನ ಹಿಂದಿನ ಹಾಗೂ ಮುಂದಿನ ಬಿಂದುವಿನೊಡನೆ ಸೇರಿ ಒಂದು ತ್ರಿಕೋನವನ್ನು ಮಾಡುತ್ತದೆಯಷ್ಟೆ. ಅತಿ ಚಿಕ್ಕ ತ್ರಿಕೋನವನ್ನು ಮಾಡುವ ಬಿಂದುವನ್ನು ಮೊದಲು ತೆಗೆದು, ನೆರೆಯ ತ್ರಿಕೋನಗಳನ್ನು ಮರುಲೆಕ್ಕ ಮಾಡಿ, ಪುನಃ ಅತಿ ಚಿಕ್ಕದನ್ನು ತೆಗೆಯುತ್ತಾ ಹೋಗಲಾಗುತ್ತದೆ.

ಎರಡೂ ವಿಧಾನಗಳ ಸ್ವಭಾವ ಬೇರೆ. ಗಣಕೀಕರಿಸುವವರ ಕೈ ಅದುರಿ ರೇಖೆಯಲ್ಲಿ 6 ಮೀಟರ್ ಎತ್ತರ, 2 ಮೀಟರ್ ಬುಡವುಳ್ಳ ಮುಳ್ಳಿನಂತಹ ಚೂಪೊಂದು ಉಂಟಾಗಿದೆ ಎಂದು ಭಾವಿಸೋಣ. ಡಗ್ಲಸ್–ಪ್ಯೂಕರ್ ವಿಧಾನದಲ್ಲಿ ಮಿತಿಯು 5 ಮೀಟರ್ ಇದ್ದರೆ ಈ ತಪ್ಪು ಚೂಪು ಉಳಿದುಕೊಳ್ಳುತ್ತದೆ. ಸುತ್ತಲಿನ ನೈಜ ಬಾಗುಗಳು ಅಳಿದು ಚೂಪು ಮಾತ್ರ ಎದ್ದು ಕಾಣುವುದೂ ಉಂಟು. ವಿಶ್ವಲಿಂಗಂ–ವೈಯಟ್ ವಿಧಾನದಲ್ಲಿ ಅದರ ವಿಸ್ತೀರ್ಣ ಕೇವಲ 6 ಚದರ ಮೀಟರ್ ಆದುದರಿಂದ ಮೊದಲೇ ಹೊರಟುಹೋಗುತ್ತದೆ. ಆದರೆ ಅದು ಕೈ ಅದುರಿದ್ದರಿಂದ ಆದ ಚೂಪಾಗಿರದೆ, ಜಮೀನಿಗೆ ಹೋಗುವ ನಿಜವಾದ ಕಿರು ಓಣಿಯಾಗಿದ್ದರೆ ಅದೂ ಹಾಗೆಯೇ ಹೊರಟುಹೋಗುತ್ತದೆ. ಯಂತ್ರಕ್ಕೆ ಇವೆರಡರ ಭೇದ ತಿಳಿಯದು. ಯಾವುದೇ ಒಂದು ವಿಧಾನವನ್ನು ಸರ್ವಶ್ರೇಷ್ಠವೆಂದು ಸಾರುವ ಲೇಖನಗಳನ್ನು ಓದುವಾಗ ಈ ಸಣ್ಣ ಓಣಿಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮೌಲ್ಯಮಾಪನದ ಅಳತೆಗಳು: ಒಂದು ಉದಾಹರಣೆ

ಸರಳಗೊಳಿಸಿದ ರೇಖೆಯು ಮೂಲ ರೇಖೆಗೆ ಎಷ್ಟು ನಿಷ್ಠವಾಗಿದೆ ಎಂಬುದನ್ನು ಅಳೆಯಲು ಅಮೆರಿಕದ ರಾಬರ್ಟ್ ಮ್ಯಾಕ್‌ಮಾಸ್ಟರ್ ಅವರು 1980ರ ದಶಕದಲ್ಲಿ ವ್ಯವಸ್ಥಿತ ಪ್ರಯತ್ನ ಮಾಡಿದರು. ಬಿಂದುಗಳ ಸಂಖ್ಯೆ, ರೇಖೆಯ ಉದ್ದ, ಬಾಗುವಿಕೆ, ಸ್ಥಾನಪಲ್ಲಟ ಮುಂತಾದ ಅನೇಕ ಅಳತೆಗಳನ್ನು ಪರಿಶೀಲಿಸಿ, ಒಂದೇ ಸಂಗತಿಯನ್ನು ಮತ್ತೆ ಮತ್ತೆ ಹೇಳುವ ಅಳತೆಗಳನ್ನು ಬಿಟ್ಟು ಕೆಲವನ್ನು ಆರಿಸಿಕೊಂಡರು. ಈ ಅಳತೆಗಳು ಪರಸ್ಪರ ಎಷ್ಟು ಭಿನ್ನವಾದ ಉತ್ತರ ನೀಡಬಲ್ಲವು ಎಂಬುದನ್ನು ಸಾರ್ವಜನಿಕರು ಸ್ವತಃ ಕಾಗದ, ಪೆನ್ಸಿಲ್ ಹಿಡಿದು ಪರೀಕ್ಷಿಸಿಕೊಳ್ಳಬಹುದಾದ ಒಂದು ಕಾಲ್ಪನಿಕ ಉದಾಹರಣೆಯಿಂದ ಇಲ್ಲಿ ತೋರಿಸಲಾಗಿದೆ.

ಒಂದು ಜಮೀನಿನ ಉತ್ತರದ ಗಡಿ ಹಳ್ಳದ ಅಂಚಿನಲ್ಲಿ ಹಾದುಹೋಗುತ್ತದೆ. ಪಶ್ಚಿಮದ ಕಲ್ಲು ಅ, ಪೂರ್ವದ ಕಲ್ಲು ಊ. ಇವುಗಳ ನಡುವಿನ ನೇರ ದೂರ 100 ಮೀಟರ್. ಈ ನೇರ ಗೆರೆಯ ಮೇಲೆ ಪಶ್ಚಿಮದಿಂದ 20, 40, 60 ಮತ್ತು 80 ಮೀಟರ್‌ಗಳಲ್ಲಿ ನಿಂತು ಉತ್ತರಕ್ಕೆ ಅಡ್ಡ ಅಳತೆ ತೆಗೆದಾಗ ಹಳ್ಳದ ಅಂಚು ಕ್ರಮವಾಗಿ 5, 2, 14 ಮತ್ತು 4 ಮೀಟರ್ ದೂರದಲ್ಲಿ ಸಿಗುತ್ತದೆ. ಈ ನಾಲ್ಕು ಬಿಂದುಗಳನ್ನು ಆ, ಇ, ಈ, ಉ ಎಂದು ಕರೆಯೋಣ. ಜಮೀನು ರೇಖೆಯ ದಕ್ಷಿಣಕ್ಕಿದೆ.

ಡಗ್ಲಸ್–ಪ್ಯೂಕರ್ ವಿಧಾನವನ್ನು 5 ಮೀಟರ್ ಮಿತಿಯಲ್ಲಿ ಅನ್ವಯಿಸೋಣ. ಅತಿ ದೂರದ ಬಿಂದು ಈ. ಅದರ ಅಡ್ಡ ದೂರ 14 ಮೀಟರ್. ಅದು ಉಳಿಯುತ್ತದೆ. ಅ–ಈ ಗೆರೆಯಿಂದ ಇ ಬಿಂದು ಸುಮಾರು 7.1 ಮೀಟರ್ ದೂರವಿರುವುದರಿಂದ ಅದೂ ಉಳಿಯುತ್ತದೆ. ಅ–ಇ ಗೆರೆಯಿಂದ ಆ ಬಿಂದುವಿನ ದೂರ ಸುಮಾರು 4 ಮೀಟರ್. ಈ–ಊ ಗೆರೆಯಿಂದ ಉ ಬಿಂದುವಿನ ದೂರ ಸುಮಾರು 2.8 ಮೀಟರ್. ಇವೆರಡೂ ಮಿತಿಯೊಳಗೆ ಇರುವುದರಿಂದ ಕೈಬಿಡಲ್ಪಡುತ್ತವೆ. ಆರು ಬಿಂದುಗಳ ರೇಖೆ ಈಗ ಅ, ಇ, ಈ, ಊ ಎಂಬ ನಾಲ್ಕು ಬಿಂದುಗಳ ರೇಖೆಯಾಯಿತು. ವಿಶ್ವಲಿಂಗಂ–ವೈಯಟ್ ವಿಧಾನದಲ್ಲಿ ನಾಲ್ಕು ಬಿಂದು ಉಳಿಯುವವರೆಗೆ ನಡೆಸಿದರೂ ಇಲ್ಲಿ ಇದೇ ಫಲ ದೊರೆಯುತ್ತದೆ: ಮೊದಲು 60 ಚದರ ಮೀಟರ್ ತ್ರಿಕೋನದ ಉ, ನಂತರ 80 ಚದರ ಮೀಟರ್ ತ್ರಿಕೋನದ ಆ ಹೊರಡುತ್ತವೆ.

ಈಗ ಫಲಿತಾಂಶವನ್ನು ಅಳೆಯೋಣ. ಬಿಂದುಗಳಲ್ಲಿ ಮೂರನೆಯ ಒಂದು ಭಾಗ ಉಳಿತಾಯವಾಗಿದೆ. ರೇಖೆಯ ಉದ್ದ 106.9 ಮೀಟರ್‌ನಿಂದ 105.8 ಮೀಟರ್‌ಗೆ ಇಳಿದಿದೆ, ಅಂದರೆ ಶೇಕಡ ಒಂದರಷ್ಟು ಮಾತ್ರ. ಇವೆರಡನ್ನೇ ನೋಡಿದರೆ ಸರಳೀಕರಣವು ಅತ್ಯುತ್ತಮವಾಗಿದೆ ಎನ್ನಬೇಕಾಗುತ್ತದೆ. ನೇರ ಗೆರೆ ಮತ್ತು ಹಳ್ಳದ ನಡುವಿನ ವಿಸ್ತೀರ್ಣ ಮೊದಲು 500 ಚದರ ಮೀಟರ್ ಇದ್ದದ್ದು 480 ಆಗಿದೆ. ಒಂದು ಗುಂಟೆ ಎಂದರೆ ಸುಮಾರು 101.2 ಚದರ ಮೀಟರ್ ಆದುದರಿಂದ ಇಲ್ಲಿ ಕಡಿಮೆಯಾಗಿರುವುದು ಸುಮಾರು ಮೂರು ಆಣೆ. ಇದೂ ಅಲ್ಪವೇ.

ಆದರೆ ಈ 20 ಚದರ ಮೀಟರ್ ಎಂಬುದು ಕೂಡಿ ಕಳೆದು ಉಳಿದ ಅಂಕಿ. ಪಶ್ಚಿಮ ಭಾಗದಲ್ಲಿ ರೇಖೆಯು ದಕ್ಷಿಣಕ್ಕೆ ಸರಿದು ಜಮೀನಿನಿಂದ 80 ಚದರ ಮೀಟರ್ ಹೊರಗೆ ಹೋಗಿದೆ. ಪೂರ್ವ ಭಾಗದಲ್ಲಿ ಉತ್ತರಕ್ಕೆ ಸರಿದು 60 ಚದರ ಮೀಟರ್ ಒಳಗೆ ಬಂದಿದೆ. ಎರಡನ್ನೂ ಕೂಡಿದರೆ ಸ್ಥಾನಪಲ್ಲಟಗೊಂಡ ನೆಲ 140 ಚದರ ಮೀಟರ್, ಅಂದರೆ ಸುಮಾರು 1 ಗುಂಟೆ 6 ಆಣೆ. ಆ ಬಿಂದುವಿನಿಂದ ದಕ್ಷಿಣಕ್ಕೆ ಎರಡು ಮೀಟರ್ ಒಳಗೆ ರೈತರೊಬ್ಬರು ಕೊಳವೆ ಬಾವಿ ತೋಡಿಸಿದ್ದರೆ, ನೆಲದ ಮೇಲೆ ಅದು ಅವರ ಜಮೀನಿನಲ್ಲಿಯೇ ಇದ್ದರೂ ಸರಳಗೊಳಿಸಿದ ನಕ್ಷೆಯಲ್ಲಿ ಹಳ್ಳದ ಪಾಲಾಗಿರುತ್ತದೆ. ಉದ್ದದ ಅಳತೆಗೆ ಈ ಬಾವಿ ಕಾಣುವುದಿಲ್ಲ. ನಿವ್ವಳ ವಿಸ್ತೀರ್ಣಕ್ಕೂ ಕಾಣುವುದಿಲ್ಲ. ಅತಿ ಹೆಚ್ಚು ವಿಚಲನೆ ಎಷ್ಟು ಎಂಬ ಅಳತೆಗೆ ಮಾತ್ರ ಕಾಣುತ್ತದೆ: ಅದು ಇಲ್ಲಿ 4 ಮೀಟರ್. ಒಂದು ರೇಖೆಯಿಂದ ಇನ್ನೊಂದಕ್ಕಿರುವ ಈ ಗರಿಷ್ಠ ದೂರವನ್ನು ಗಣಿತದಲ್ಲಿ ಹೌಸ್‌ಡಾರ್ಫ್ ಅಂತರ ಎಂಬ ಹೆಸರಿನಿಂದ ಲೆಕ್ಕ ಹಾಕಲಾಗುತ್ತದೆ.

ಆದುದರಿಂದ ಸರಳಗೊಳಿಸಿದ ದತ್ತಾಂಶವನ್ನು ಸ್ವೀಕರಿಸುವವರು ಗುತ್ತಿಗೆದಾರರಿಂದಾಗಲಿ ತಂತ್ರಾಂಶದಿಂದಾಗಲಿ ಕೇಳಬೇಕಾದ ಮೊದಲ ಅಂಕಿಗಳು ಎರಡು: ಗರಿಷ್ಠ ವಿಚಲನೆ ಮತ್ತು ಕೂಡಿ ಕಳೆಯದ ಒಟ್ಟು ಸ್ಥಾನಪಲ್ಲಟ. ಸರಾಸರಿಗಳು ವರದಿಗೆ ಚೆಂದ. ಆದರೆ ವ್ಯಾಜ್ಯ ಹುಟ್ಟುವುದು ಸರಾಸರಿಯಲ್ಲಿ ಅಲ್ಲ, ಒಂದು ನಿರ್ದಿಷ್ಟ ಮೂಲೆಯಲ್ಲಿ.

ಈ ಅಳತೆಗಳೆಲ್ಲವೂ ಮೂಲ ರೇಖೆಯೇ ಸತ್ಯ ಎಂದು ಭಾವಿಸಿಕೊಂಡಿವೆ ಎಂಬುದನ್ನೂ ಗಮನಿಸಬೇಕು. ಮಡಿಕೆ ಬಿದ್ದ, ಸುಕ್ಕುಗಟ್ಟಿದ ಹಳೆಯ ಕಾಗದದಿಂದ ಎರಡು ಮೀಟರ್‌ಗೊಂದು ಬಿಂದುವಿನಂತೆ ಗಣಕೀಕರಿಸಿದ ಮಾತ್ರಕ್ಕೆ ರೇಖೆಗೆ ಎರಡು ಮೀಟರ್ ನಿಖರತೆ ಬರುವುದಿಲ್ಲ. ಅಂತಹ ರೇಖೆಯಲ್ಲಿ ಒಂದು ಮೀಟರ್ ಮಿತಿಯ ಸರಳೀಕರಣವು ತೆಗೆದುಹಾಕುವುದು ಗಡಿಯನ್ನಲ್ಲ, ಕೈಯ ನಡುಕವನ್ನು.

ನೆರೆಯ ಗಡಿಗಳ ನಡುವಿನ ಹೊಂದಾಣಿಕೆ

ಒಂದೇ ರೇಖೆಯನ್ನು ಅಳೆಯುವುದರಿಂದ ಮೌಲ್ಯಮಾಪನ ಪೂರ್ಣವಾಗದು. ಬದುವು ಇಬ್ಬರಿಗೂ ಸೇರಿದ್ದು. ಎರಡು ಹಿಸ್ಸೆಗಳನ್ನು ಪ್ರತ್ಯೇಕ ಆಕೃತಿಗಳೆಂದು ಎಣಿಸಿ ಬೇರೆ ಬೇರೆಯಾಗಿ ಸರಳಗೊಳಿಸಿದರೆ, ಆಕೃತಿಯ ಆರಂಭದ ಬಿಂದು ಬೇರೆಯಾಗಿರುವ ಕಾರಣದಿಂದಲೇ ಸಮಾನ ಬದುವಿನ ಮೇಲೆ ಎರಡು ಭಿನ್ನ ಫಲಗಳು ಬರಬಹುದು. ಆಗ ಕೆಲವೆಡೆ ಇಬ್ಬರಿಗೂ ಸೇರದ ಸೀಳುಗಳು, ಕೆಲವೆಡೆ ಇಬ್ಬರಿಗೂ ಸೇರಿದ ಒತ್ತುವರಿಗಳು ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ. ಇವು ನೆಲದ ಮೇಲಿನ ಒತ್ತುವರಿಗಳಲ್ಲ. ಪರದೆಯ ಸೀಳನ್ನು ನೋಡಿ ನೆರೆಹೊರೆಯವರು ಬೇಲಿ ಕಿತ್ತು ಜಗಳಕ್ಕೆ ನಿಲ್ಲಬಾರದು ಎಂಬುದೇ ಈ ಪುಟವನ್ನು ಸಿದ್ಧಪಡಿಸಿದ ಉದ್ದೇಶಗಳಲ್ಲಿ ಮುಖ್ಯವಾದುದು.

ಸರಿಯಾದ ಕ್ರಮವೆಂದರೆ ಸಮಾನ ಬದುವನ್ನು ಒಂದೇ ಬಾರಿ ದಾಖಲಿಸಿ, ಒಂದೇ ಬಾರಿ ಸರಳಗೊಳಿಸಿ, ಎರಡೂ ಆಕೃತಿಗಳು ಅದನ್ನೇ ಬಳಸುವಂತೆ ಮಾಡುವುದು. 2006ರಲ್ಲಿ ಮ್ಯಾಥ್ಯೂ ಬ್ಲಾಕ್ ಮತ್ತು ಮಾರ್ಕ್ ಹ್ಯಾರೋವರ್ ಅವರು ಪರಿಚಯಿಸಿದ ಮ್ಯಾಪ್‌ಶೇಪರ್ ತಂತ್ರಾಂಶವು ಈ ಕ್ರಮವನ್ನು ಅನುಸರಿಸುತ್ತದೆ. ಪೋಸ್ಟ್‌ಜಿಐಎಸ್ ತಂತ್ರಾಂಶದಲ್ಲಿ ಆಕೃತಿಯ ಸಂಬಂಧಗಳನ್ನು ಕಾಪಾಡುವುದೆಂಬ ಹೆಸರುಳ್ಳ ಆಜ್ಞೆಯೊಂದು ಬಹುಕಾಲದಿಂದ ಇದೆ. ಆದರೆ ಅದು ಕಾಪಾಡುವುದು ಪ್ರತಿಯೊಂದು ಆಕೃತಿಯ ಒಳಗಿನ ಕ್ರಮಬದ್ಧತೆಯನ್ನು ಮಾತ್ರ. ನೆರೆಯ ಆಕೃತಿಯೊಂದಿಗಿನ ಹೊಂದಾಣಿಕೆಯನ್ನಲ್ಲ. ಹೆಸರನ್ನು ನಂಬಿ ಮೋಸಹೋಗುವ ಸಂಭವ ಇಲ್ಲಿ ಬಹಳ. ನೆರೆಯ ಆಕೃತಿಗಳನ್ನು ಒಟ್ಟಾಗಿ ಸರಳಗೊಳಿಸುವ ಸೌಲಭ್ಯವು ಅದೇ ತಂತ್ರಾಂಶಕ್ಕೆ 2023ರ 3.4ನೇ ಆವೃತ್ತಿಯಲ್ಲಿ ಸೇರ್ಪಡೆಯಾಯಿತು.

ಇನ್ನೊಂದು ದೋಷವೆಂದರೆ ಸರಳಗೊಳಿಸಿದ ರೇಖೆಯು ತನ್ನನ್ನು ತಾನೇ ಅಥವಾ ನೆರೆಯ ರೇಖೆಯನ್ನು ದಾಟುವುದು. ನದಿಯ ಎರಡು ದಡಗಳು ಹತ್ತಿರವಿರುವಲ್ಲಿ ದಡಗಳು ಒಂದನ್ನೊಂದು ಕತ್ತರಿಸಿ ನದಿಯೇ ಮಾಯವಾಗುತ್ತದೆ. ನಡುಗಡ್ಡೆಯ ಊರೊಂದು ತಪ್ಪು ದಡಕ್ಕೆ ಸೇರಿಹೋಗುತ್ತದೆ. ಡಗ್ಲಸ್–ಪ್ಯೂಕರ್ ವಿಧಾನದಲ್ಲಿ ಇದನ್ನು ತಡೆಯುವ ತಿದ್ದುಪಡಿಯನ್ನು ಅಲನ್ ಸಾಲ್‌ಫೆಲ್ಡ್ ಅವರು 1999ರಲ್ಲಿ ಸೂಚಿಸಿದರು. ಗಡಿಗಳ ವಿಷಯದಲ್ಲಿ ಈ ಪರೀಕ್ಷೆಗೆ ಅಂಕ ನೀಡುವ ಪದ್ಧತಿ ಇರಬಾರದು. ಒಂದು ಊರು ತಪ್ಪು ಬದಿಗೆ ಬಿದ್ದರೂ ಇಡೀ ಫಲಿತಾಂಶವನ್ನು ತಿರಸ್ಕರಿಸುವುದೇ ಸೂಕ್ತ.

ಕಣ್ಣಿನ ಪರೀಕ್ಷೆ

ಅಂಕಿಗಳ ಜೊತೆಗೆ ಮನುಷ್ಯರ ನೋಟವನ್ನೂ ಮೌಲ್ಯಮಾಪನಕ್ಕೆ ಬಳಸಲಾಗಿದೆ. ಮನಶ್ಶಾಸ್ತ್ರಜ್ಞ ಫ್ರೆಡ್ ಆಟ್ನೀವ್ ಅವರು 1954ರಲ್ಲಿ ಮಲಗಿರುವ ಬೆಕ್ಕಿನ ಚಿತ್ರವೊಂದರಲ್ಲಿ ಅತಿ ಹೆಚ್ಚು ಬಾಗುವ 38 ಬಿಂದುಗಳನ್ನು ಮಾತ್ರ ನೇರ ಗೆರೆಗಳಿಂದ ಸೇರಿಸಿದರೂ ನೋಡುವವರಿಗೆ ಬೆಕ್ಕು ಗುರುತಾಗುತ್ತದೆ ಎಂದು ತೋರಿಸಿದರು. ಈ ವಿಚಾರವನ್ನು ನಕ್ಷೆಗೆ ಅನ್ವಯಿಸಿ 1985ರಲ್ಲಿ ವೈಟ್ ಎಂಬ ಸಂಶೋಧಕರು, ಜನರು ಮುಖ್ಯವೆಂದು ಆರಿಸಿದ ಬಿಂದುಗಳನ್ನೂ ಯಂತ್ರವು ಆರಿಸಿದ ಬಿಂದುಗಳನ್ನೂ ಹೋಲಿಸಿದರು. ಪರೀಕ್ಷಿಸಿದ ವಿಧಾನಗಳಲ್ಲಿ ಡಗ್ಲಸ್–ಪ್ಯೂಕರ್ ವಿಧಾನವು ಜನರ ಆಯ್ಕೆಗೆ ಹೆಚ್ಚು ಹತ್ತಿರವಾಗಿತ್ತು. ಈ ವಿಧಾನವು ಜನಪ್ರಿಯವಾಗಲು ಇದೂ ಒಂದು ಕಾರಣ. ಆದರೆ ಗುರುತು ಸಿಗುವುದು ಬೇರೆ, ಅಳತೆ ಸರಿಯಾಗಿರುವುದು ಬೇರೆ. ಬೆಕ್ಕಿಗೆ ಹದ್ದುಬಸ್ತು ಬೇಕಿಲ್ಲ.

ಒಂದೇ ಕರಾವಳಿ, ಎರಡು ಉದ್ದ

ರೇಖೆಯ ವಿವರವು ಸರ್ಕಾರಿ ಅಂಕಿ ಅಂಶಗಳನ್ನೇ ಹೇಗೆ ಬದಲಿಸಬಲ್ಲದು ಎಂಬುದಕ್ಕೆ ನಮ್ಮ ದೇಶದ ಕರಾವಳಿಯೇ ನಿದರ್ಶನ. 1970ರ ದಶಕದಿಂದ ಭಾರತದ ಕರಾವಳಿಯ ಉದ್ದ 7,516.6 ಕಿಲೋಮೀಟರ್ ಎಂದು ಪಠ್ಯಪುಸ್ತಕಗಳಲ್ಲಿ ಓದಿಕೊಂಡು ಬಂದಿದ್ದೇವೆ. ಆ ಅಳತೆಗೆ ಆಧಾರವಾದದ್ದು 1:45,00,000 ಪ್ರಮಾಣದ ನಕ್ಷೆ. ಅನಂತರ 1:2,50,000 ಪ್ರಮಾಣದ ವಿದ್ಯುನ್ಮಾನ ನೌಕಾ ನಕ್ಷೆಗಳನ್ನು ಆಧರಿಸಿ ಮರುಲೆಕ್ಕ ಮಾಡಲಾಗಿ, ಕೇಂದ್ರ ಗೃಹ ಸಚಿವಾಲಯದ 2023-24ನೇ ಸಾಲಿನ ವಾರ್ಷಿಕ ವರದಿಯಲ್ಲಿ ಉದ್ದವು 11,098.81 ಕಿಲೋಮೀಟರ್ ಎಂದು ದಾಖಲಾಯಿತು. ಕರ್ನಾಟಕದ ಪಾಲು 280 ಕಿಲೋಮೀಟರ್‌ನಿಂದ ಸುಮಾರು 343 ಕಿಲೋಮೀಟರ್ ಆಯಿತು. ಅಳಿವೆ, ಕೊಲ್ಲಿಗಳು ತುಂಬಿರುವ ಪಶ್ಚಿಮ ಬಂಗಾಳದಲ್ಲಿ 157.5 ಇದ್ದದ್ದು 721 ದಾಟಿತು. ಸಮುದ್ರವು ಬೆಳೆದಿಲ್ಲ, ನೆಲವೂ ಬೆಳೆದಿಲ್ಲ. ಯಾವ ಅಳಿವೆಗಳನ್ನು ಎಷ್ಟು ಒಳಗಿನವರೆಗೆ ಲೆಕ್ಕಕ್ಕೆ ಸೇರಿಸಬೇಕು ಎಂಬ ನಿಯಮದ ಪಾತ್ರವೂ ಇದರಲ್ಲಿ ಇದೆಯಾದರೂ, ಹೆಚ್ಚಿನ ವಿವರವುಳ್ಳ ರೇಖೆಯು ಹೆಚ್ಚು ಉದ್ದವಾಗಿಯೇ ಇರುತ್ತದೆ ಎಂಬುದು ಮೂಲ ಕಾರಣ. ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರ ಅಳತೆಗಳನ್ನು ಆಧರಿಸಿ ಬೆನ್ವಾ ಮ್ಯಾಂಡೆಲ್‌ಬ್ರೋ ಅವರು 1967ರಲ್ಲಿ ಬ್ರಿಟನ್ನಿನ ಕರಾವಳಿಯನ್ನು ಕುರಿತು ಬರೆದ ಪ್ರಸಿದ್ಧ ಲೇಖನವು ಇದೇ ವಿಷಯವನ್ನು ವಿವರಿಸುತ್ತದೆ.

ಕರಾವಳಿಯ ನಿವಾಸಿಗಳಿಗೆ ಇದು ಕೇವಲ ಕುತೂಹಲದ ಸಂಗತಿಯಲ್ಲ. ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳಲ್ಲಿ ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್‌ವರೆಗಿನ ಭೂಪ್ರದೇಶವು ನಿಯಂತ್ರಣಕ್ಕೆ ಒಳಪಟ್ಟಿದೆ. ವಲಯದ ನಿರ್ವಹಣಾ ಯೋಜನೆಗಳಿಗೆ 1:25,000 ಪ್ರಮಾಣದ ನಕ್ಷೆಗಳನ್ನು ನಿಗದಿಪಡಿಸಲಾಗಿದೆ. ಈ ಪ್ರಮಾಣದಲ್ಲಿ ಕಾಲು ಮಿಲಿಮೀಟರ್ ಗೆರೆಯು ನೆಲದ ಮೇಲೆ 6 ಮೀಟರ್‌ಗೂ ಹೆಚ್ಚು. ದಕ್ಷಿಣ ಕನ್ನಡ, ಉಡುಪಿ ಅಥವಾ ಉತ್ತರ ಕನ್ನಡ ಜಿಲ್ಲೆಯಲ್ಲಿ 495ನೇ ಮೀಟರ್‌ನಲ್ಲಿಯೋ 505ನೇ ಮೀಟರ್‌ನಲ್ಲಿಯೋ ಮನೆ ಕಟ್ಟಲು ಬಯಸುವವರು, ಮತ್ತೆ ಸರಳಗೊಳಿಸಿದ ಅಂತರ್ಜಾಲದ ನಕ್ಷೆಯನ್ನು ನೋಡಿ ತಮ್ಮ ನಿವೇಶನವು ವಲಯದ ಒಳಗೆ ಅಥವಾ ಹೊರಗೆ ಇದೆಯೆಂದು ತೀರ್ಮಾನಿಸುವುದು ಸರಿಯಲ್ಲ. ಸರ್ವೆ ನಂಬರುಗಳನ್ನು ತೋರಿಸುವ ದೊಡ್ಡ ಪ್ರಮಾಣದ ಅಧಿಕೃತ ನಕ್ಷೆಯ ಆಧಾರದಲ್ಲಿ ಸಕ್ಷಮ ಪ್ರಾಧಿಕಾರದಿಂದ ಲಿಖಿತವಾಗಿ ಖಚಿತಪಡಿಸಿಕೊಂಡ ನಂತರವೇ ನಿವೇಶನಕ್ಕೆ ಮುಂಗಡ ನೀಡುವುದು ಒಳ್ಳೆಯದು.

ವ್ಯತ್ಯಾಸದ ಕಾರಣವನ್ನು ಗುರುತಿಸುವ ಬಗೆ

ಪರದೆಯ ಮೇಲಿನ ಗಡಿಯು ನೆಲದ ಬದುವಿಗೆ ಹೊಂದದಿದ್ದಲ್ಲಿ ಅರ್ಜಿದಾರರು ಮೊದಲು ನಕ್ಷೆಯನ್ನು ಹಿಗ್ಗಿಸಿ, ಕುಗ್ಗಿಸಿ ನೋಡಬೇಕು. ಹಿಗ್ಗಿಸಿದಂತೆ ರೇಖೆಯ ಆಕಾರವೇ ಬದಲಾಗಿ ಹೊಸ ಬಾಗುಗಳು ಮೂಡಿದರೆ, ಮೊದಲು ಕಂಡದ್ದು ಸರಳಗೊಳಿಸಿದ ರೇಖೆ ಎಂದು ತಿಳಿಯತಕ್ಕದ್ದು. ಅತಿ ಹೆಚ್ಚು ಹಿಗ್ಗಿಸಿದಾಗಲೂ ಮೂಲೆಗಳು ಕತ್ತರಿಸಿದಂತೆ, ಹಳ್ಳದ ಬಾಗುಗಳು ನೇರವಾದಂತೆ ಇದ್ದು, ಕಲ್ಲುಗಳಿರುವ ಬಿಂದುಗಳು ಮಾತ್ರ ಸರಿಯಾಗಿದ್ದರೆ ಆಗಲೂ ಸರಳೀಕರಣವೇ ಕಾರಣವಾಗಿರುವ ಸಂಭವ ಹೆಚ್ಚು. ಇದಕ್ಕೆ ಬದಲಾಗಿ ಸುತ್ತಲಿನ ಎಲ್ಲ ಸರ್ವೆ ನಂಬರುಗಳೂ ಒಂದೇ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಅದು ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರಕ್ಕೆ ಹೊಂದಿಸುವಾಗ ಉಳಿದ ವ್ಯತ್ಯಾಸ. ಬದುವಿನ ಮೇಲೆಯೇ ನಿಂತಿದ್ದರೂ ತಮ್ಮ ಸ್ಥಾನವನ್ನು ತೋರಿಸುವ ಚುಕ್ಕೆಯು ಆಗಾಗ ಅಲುಗಾಡುತ್ತಿದ್ದರೆ ಅದು ಮೊಬೈಲ್ ದೂರವಾಣಿಯ ಮಿತಿ. ತೆರೆದ ಬಯಲಿನಲ್ಲಿಯೂ ಅದರಲ್ಲಿ ಸುಮಾರು 5 ಮೀಟರ್‌ನಷ್ಟು ವ್ಯತ್ಯಾಸ ಸಾಮಾನ್ಯ. ಅಡಿಕೆ ತೋಟದ ಒಳಗೆ ಅಥವಾ ಮರಗಳ ದಟ್ಟ ನೆರಳಿನಲ್ಲಿ ಇದು ಇನ್ನೂ ಹೆಚ್ಚುತ್ತದೆ. ಮೂರು ಕಾರಣಗಳೂ ಒಟ್ಟಿಗೆ ಸೇರಿರುವ ಸಂದರ್ಭಗಳೂ ಇವೆ.

ಅರ್ಜಿದಾರರ ಗಮನಕ್ಕೆ

ನಕ್ಷೆಯ ದತ್ತಾಂಶವನ್ನು ಯೋಜನೆ, ಸಂಶೋಧನೆ ಅಥವಾ ಪ್ರಕಟಣೆಗಾಗಿ ಕೋರುವ ಸಂಸ್ಥೆಗಳು ಹಾಗೂ ವಿದ್ಯಾರ್ಥಿಗಳು ತಮ್ಮ ಅರ್ಜಿಯಲ್ಲಿ ಬಳಕೆಯ ಉದ್ದೇಶ ಮತ್ತು ಪ್ರಮಾಣವನ್ನು ಸ್ಪಷ್ಟವಾಗಿ ನಮೂದಿಸುವುದು ಒಳ್ಳೆಯದು. ದೊರೆತ ದತ್ತಾಂಶವು ಮೂಲ ರೂಪದ್ದೇ, ಸರಳಗೊಳಿಸಿದ್ದೇ, ಸರಳಗೊಳಿಸಿದ್ದಾದರೆ ಯಾವ ವಿಧಾನದಿಂದ ಮತ್ತು ಎಷ್ಟು ಮಿತಿಯಲ್ಲಿ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ಜಿಲ್ಲಾವಾರು ಅಂಕಿ ಅಂಶಗಳನ್ನು ಬಣ್ಣಗಳಲ್ಲಿ ತೋರಿಸಲು ನೂರಾರು ಮೀಟರ್ ಮಿತಿಯ ಸರಳ ರೇಖೆಯೂ ಸಾಕಾಗುತ್ತದೆ. ಕಾಲುವೆಯ ಅಚ್ಚುಕಟ್ಟು ಪ್ರದೇಶವನ್ನು ಲೆಕ್ಕ ಹಾಕಲು ಅದೇ ರೇಖೆಯನ್ನು ಬಳಸಬಾರದು. ಒಮ್ಮೆ ಸರಳಗೊಳಿಸಿದ ದತ್ತಾಂಶದಿಂದ ಮೂಲ ರೇಖೆಯನ್ನು ಮರಳಿ ಪಡೆಯಲು ಸಾಧ್ಯವಿಲ್ಲವಾದುದರಿಂದ ಮೂಲ ಪ್ರತಿಯನ್ನು ಪ್ರತ್ಯೇಕವಾಗಿ ಕಾಪಾಡಿಕೊಳ್ಳುವುದು ಅವಶ್ಯಕ.

ಜಮೀನಿನ ಗಡಿಯ ಬಗ್ಗೆ ಸಂದೇಹ ಅಥವಾ ವ್ಯಾಜ್ಯವಿರುವ ರೈತರು ಪರದೆಯ ಚಿತ್ರವನ್ನು ಮುದ್ರಿಸಿ ಅದನ್ನೇ ಪುರಾವೆಯಾಗಿ ಹಾಜರುಪಡಿಸುವುದರಿಂದ ಪ್ರಯೋಜನವಾಗುವುದಿಲ್ಲ. ಅಂತಹವರು ಹದ್ದುಬಸ್ತಿಗಾಗಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಸರ್ವೆ ನಂಬರು, ಹಿಸ್ಸಾ ನಂಬರು ಹಾಗೂ ಸಂದೇಹವಿರುವ ದಿಕ್ಕನ್ನು ತಿಳಿಸಿ, ಇತ್ತೀಚಿನ ಪಹಣಿಯನ್ನು ಲಗತ್ತಿಸಬೇಕು. ಭೂಮಾಪಕರು ಮೂಲ ಟಿಪ್ಪಣಿ, ಆಕಾರ್‌ಬಂದ್ ಮೊದಲಾದ ದಾಖಲೆಗಳಲ್ಲಿನ ಸರಪಳಿ–ಆಣೆ ಅಳತೆಗಳ ಆಧಾರದ ಮೇಲೆ, ಅಕ್ಕಪಕ್ಕದ ಹಿಡುವಳಿದಾರರಿಗೆ ತಿಳುವಳಿಕೆ ಪತ್ರ ನೀಡಿ, ಸ್ಥಳದಲ್ಲಿಯೇ ಗಡಿಯನ್ನು ಗುರುತಿಸುತ್ತಾರೆ. ಅಳತೆಯ ದಿನದಂದು ಅರ್ಜಿದಾರರು ಹಾಜರಿದ್ದು, ಉಳಿದಿರುವ ಹಳೆಯ ಬಾಂದು ಕಲ್ಲುಗಳನ್ನು ತೋರಿಸಬೇಕೆಂದು ಕೋರಲಾಗಿದೆ. ಪರದೆಯಲ್ಲಿ ಗಡಿ ಬೇರೆಡೆ ಕಂಡಿತೆಂಬ ಕಾರಣಕ್ಕೆ ಕಲ್ಲುಗಳನ್ನು ಕೀಳುವುದಾಗಲಿ ಸರಿಸುವುದಾಗಲಿ ಕೂಡದು.